ಬಂಗಲೆಯ ತಾಮ್ರದ ಟಾಕಿ

ಕಳೆದ ವಾರ ನಮ್ಮ ಬಚ್ಚಲಮನೆಯಿಂದ ಸಫೇದಾದ ವಾಸನೆ ಬಂತು. ನಳ ಜೋಡಿಸುವವರು ತಿರುಪಿನ ಗೆರೆಗಳಿಗೆ ಸವರುವ ಆ ಬಿಳಿ ಅಂಟನ್ನು ಅಗಸೆ ಎಣ್ಣೆಯಲ್ಲಿ ಕಲಸಿರುತ್ತಾರೆ. ಬಹಳ ದಿನ ಡಬ್ಬಿಯಲ್ಲೇ ಉಳಿದುಹೋದ ಅಗಸಿ ಹಿಂಡಿಯ ಹಾಗೆ ಅದು ಕೊಂಚ ಕಹಿಯಾಗಿ, ಕೊಂಚ ಮುಗ್ಗಲಾಗಿ ನಾರುತ್ತದೆ. ನಮ್ಮ ಹಳೆಯ ತಾಮ್ರದ ಗೀಜರಿನ ಹೀಟರ್ ಸುಟ್ಟುಹೋಗಿತ್ತು. ಅದನ್ನು ಬದಲಿಸಲು ಬಂದ ಮೆಕ್ಯಾನಿಕ್ ಸಫೇದಾ ಒಣಗಿದೆಯೋ ಎಂದು ನೋಡಲು ಡಬ್ಬಿಯ ಮುಚ್ಚಳ ತೆಗೆದಿದ್ದ, ಅಷ್ಟೆ. ನನಗೆ ಸಿಂದಗಿಯ ಮಿಸ್ತ್ರಿ ನೆನಪಾದ.

ಪ್ರೀತಿಯಿಂದ ನೆನಪಾದ ಎಂದು ಬರೆದರೆ ಓದುವವರಿಗೆ ಹಿತವಾಗುತ್ತದೆ. ಹಾಗೇನೂ ಆಗಲಿಲ್ಲ. ನೆನಪಾದೊಡನೆ ಮೂಗು ಮುರಿದೆ, ನಲವತ್ತು ವರ್ಷಗಳ ಹಿಂದೆ ಮುರಿಯುತ್ತಿದ್ದ ಹಾಗೆಯೇ. ವಾಸನೆಗಳು ಹಳೆಯದನ್ನು ಇದ್ದದ್ದು ಇದ್ದಂತೆ ಎತ್ತಿ ತರುತ್ತವೆ ಎಂಬ ಮಾತನ್ನೂ ನಾನು ನಂಬುವವನಲ್ಲ. ನಾವು ನೆನಪು ಎನ್ನುವುದರಲ್ಲಿ ಬಹುಪಾಲು ಆಮೇಲೆ ಕೂತು ಹೊಲಿದ ಕೌದಿ. ಯಾವ ತುಂಡು ಯಾವ ಸೀರೆಯದು ಎಂದು ಹೊಲಿದವರಿಗೇ ಗೊತ್ತಿರುವುದಿಲ್ಲ. ಆದ್ದರಿಂದ ಈ ಕೆಳಗಿನದರಲ್ಲಿ ಯಾವುದು ನನಗೆ ಖಚಿತ, ಯಾವುದು ಅಲ್ಲ ಎಂದು ಅಲ್ಲಲ್ಲಿ ಹೇಳುತ್ತೇನೆ.

ಅದು ಎಪ್ಪತ್ತರ ದಶಕದ ನಡುವಿನ ಒಂದು ಚಳಿಗಾಲ. ಇಸವಿ ಹೇಳಲಾರೆ. ಧಾರವಾಡದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಸಿಂದಗಿಯ ಕಾಲೇಜೊಂದಕ್ಕೆ ಪಾಠ ಹೇಳಲು ಬಂದಿದ್ದೆ. ಆ ಊರಿನಲ್ಲಿ ನನಗಿಂತ ಹೆಚ್ಚು ಓದಿದವರು ಇಲ್ಲವೆಂದು ನಂಬಿದ್ದೆ. ಇದ್ದರೂ ಅವರನ್ನು ಹುಡುಕುವ ತೊಂದರೆ ತೆಗೆದುಕೊಳ್ಳಲಿಲ್ಲ. ಇಂಡಿ ರಸ್ತೆಯಲ್ಲಿ ಸರ್ಕಾರಿ ಸಾಹೇಬರು ಬಂದರೆ ಇಳಿದುಕೊಳ್ಳುವ ಹಳೆಯ ಬಂಗಲೆಯೊಂದಿತ್ತು. ಅದರ ಗೋಡೆಗೆ ಹತ್ತಿದ ಒಂದು ಖೋಲಿಯಲ್ಲಿ ನನ್ನ ಬಿಡಾರ. ಬಂಗಲೆಯ ಹಿಂದೆ ತಗಡಿನ ಶೆಡ್ಡಿನಲ್ಲಿ ಮಿಸ್ತ್ರಿ ಇರುತ್ತಿದ್ದ. ನಳ, ಪಂಪು, ಮೋರಿ, ಕಿಟಕಿಯ ಚಿಲಕ, ಎಲ್ಲಕ್ಕೂ ಅವನೇ.

ಐವತ್ತರ ಆಸುಪಾಸಿನವನು. ಗುಂಡಿಗಳಿಲ್ಲದ ಖಾಕಿ ಅಂಗಿ, ಕೆಳತುಟಿಯೊಳಗೆ ಸದಾ ಒಂದು ಚಿಟಿಕೆ ತಂಬಾಕು. ಬಾಯಿ ಬಿಟ್ಟರೆ ಸೋಲಾಪುರ. ಅಲ್ಲಿ ಯಾವುದೋ ಗಿರಣಿಯಲ್ಲಿ ಬಾಯ್ಲರ್ ನೋಡಿಕೊಂಡಿದ್ದೆ ಎನ್ನುತ್ತಿದ್ದ. ಆ ಬಾಯ್ಲರಿನಲ್ಲಿ ಹಬೆಯ ಒತ್ತಡ ಎಷ್ಟಿರುತ್ತಿತ್ತು ಎಂದು ಒಮ್ಮೆ ಕೇಳಿದೆ.

“ಭಾಳ ಇರ್ತಿತ್ರಿ ಸರ್ರ” ಎಂದ.

ನನ್ನ ಖೋಲಿಯ ನಳ ಸೋರುತ್ತಿತ್ತು. ಮೂರು ಸಲ ಬಂದ. ಪ್ರತಿ ಸಲವೂ ಇನ್ನಷ್ಟು ಸಫೇದಾ ಮೆತ್ತಿ ಹೋದ. ನಳಕ್ಕೆ ಬಿಳಿ ಗಡ್ಡ ಬಂತೇ ಹೊರತು ಸೋರುವುದು ನಿಲ್ಲಲಿಲ್ಲ. ನಾನು ಸಿಟ್ಟಾದರೆ, “ನಳಕ್ಕೂ ಜೀವ ಐತ್ರಿ. ಅದರ ಸಿಟ್ಟು ಇಳೀಲಿ, ಆಮ್ಯಾಲ ನೋಡೂಣು” ಎಂದು ಶೆಡ್ಡಿಗೆ ನಡೆದ. ಅವನ ಎಲ್ಲ ಕೆಲಸಕ್ಕೂ ಇಂಥದೊಂದು ಶಾಸ್ತ್ರ ಇರುತ್ತಿತ್ತು. ಅಮಾವಾಸ್ಯೆಗೆ ತಿರುಪು ಬಿಚ್ಚುವ ಪಾನಾಗಳಿಗೆ ಕುಂಕುಮ. ಪೈಪನ್ನು ಯಾರಾದರೂ ದಾಟಿದರೆ ಅವರೇ ಹಿಂದಕ್ಕೆ ದಾಟಬೇಕು. ಯಾರಾದರೂ ಸೀನಿದರೆ ಕೈಯಲ್ಲಿದ್ದ ಸಾಮಾನು ಕೆಳಗೆ. ಮೂಢನಂಬಿಕೆಗಳನ್ನು ಬರೆದಿಡಲು ನಾನು ಒಂದು ನೋಟುಬುಕ್ ಇಟ್ಟಿದ್ದೆ, ತರಗತಿಯಲ್ಲಿ ಹೇಳಿ ನಗಿಸುವುದಕ್ಕೆ. ಅದರ ಅರ್ಧಕ್ಕಿಂತ ಹೆಚ್ಚು ಈ ಒಬ್ಬನೇ ತುಂಬಿಸಿಕೊಟ್ಟಿದ್ದ. ಯಾವ ಯಂತ್ರವನ್ನೂ ಅರಿಯದೆ ಎಲ್ಲ ಯಂತ್ರಗಳ ಪೂಜಾರಿಯಾಗಿರುವವನು ಎಂದು ಅದರಲ್ಲಿ ಬರೆದಿದ್ದು ಖಚಿತವಾಗಿ ನೆನಪಿದೆ. ಆ ವಾಕ್ಯದ ಬಗ್ಗೆ ನನಗೆ ಬಹಳ ದಿನ ಹೆಮ್ಮೆಯಿತ್ತು.

ಬಂಗಲೆಯ ಬಚ್ಚಲಿನಲ್ಲಿ ನೀರು ಕಾಯಿಸುವ, ಎದೆಮಟ್ಟದ ಒಂದು ತಾಮ್ರದ ಟಾಕಿ ಇತ್ತು. ಇಂಗ್ಲಿಷರ ಕಾಲದ್ದು. ಮೊದಲು ಅದರ ಕೆಳಗೆ ಬೆಂಕಿ ಹಾಕುತ್ತಿದ್ದರಂತೆ. ಊರಿಗೆ ಕರೆಂಟು ಬಂದ ಮೇಲೆ ಯಾರೋ ಅದರ ಪಕ್ಕೆಗೆ ತೂತು ಕೊರೆದು, ಹಿತ್ತಾಳೆಯ ದಪ್ಪ ಬಳೆಯೊಂದನ್ನು ಬೆಸೆದು, ಆ ಬಳೆಯೊಳಗೆ ಕರೆಂಟಿನ ಹೀಟರ್ ತಿರುಗಿಸಿ ಕೂಡಿಸಿದ್ದರು. ಸಿಂದಗಿಯ ಬಾವಿ ನೀರು ಎಂಥದೆಂದರೆ ನಾಲ್ಕು ದಿನ ಕುದಿಸಿದ ಪಾತ್ರೆಯ ತಳಕ್ಕೆ ಸುಣ್ಣ ಬಳಿದ ಹಾಗಾಗುತ್ತದೆ. ಹೀಟರ್ ಯಾವಾಗಲೋ ಸುಟ್ಟು, ಬಳೆಯ ತಿರುಪಿನ ಸಂದಿಯಲ್ಲೆಲ್ಲ ಸುಣ್ಣ ಕಟ್ಟಿ, ಕಲ್ಲಿನಂತೆ ಬಿಗಿದುಕೊಂಡಿತ್ತು. ಎಷ್ಟೋ ವರ್ಷ ಯಾರೂ ಅದರ ಸುದ್ದಿಗೆ ಹೋಗಿರಲಿಲ್ಲ. ಸಾಹೇಬರು ಬಂದರೆ ಬಂಗಲೆಯ ಅಡಿಗೆಯವನು ಹಿತ್ತಲಲ್ಲಿ ಹಂಡೆಗೆ ಉರಿ ಹಾಕಿ ನೀರು ಹೊತ್ತು ತರುತ್ತಿದ್ದ.

ಹೀಗಿರುವಾಗ ಬಂಗಲೆಯ ಉಸ್ತುವಾರಿ ನೋಡುತ್ತಿದ್ದ ಓವರ್‌ಸಿಯರ್‌ಗೆ, ವಿಜಾಪುರದಿಂದ ದೊಡ್ಡ ಸಾಹೇಬರು ಗುರುವಾರ ಬಂದು ಇಳಿಯುತ್ತಾರೆಂದು ತಿಳಿಯಿತು. ಆ ಓವರ್‌ಸಿಯರ್ ಎಂಥವನೆಂದರೆ, ಮೇಲಿನವರ ಮುಂದೆ ಎರಡಾಗಿ ಮಡಚಿಕೊಂಡು, ಆ ಮಡಿಕೆಯ ನೋವನ್ನೆಲ್ಲ ಕೆಳಗಿನವರ ಮೇಲೆ ತೀರಿಸುವವನು. ಹೊಸ ಹೀಟರ್ ತರಿಸಿದ. ಹಳೆಯದನ್ನು ತೆಗೆದು ಇದನ್ನು ಕೂಡಿಸು, ಗುರುವಾರ ಬೆಳಿಗ್ಗೆ ಟಾಕಿಯಿಂದ ಬಿಸಿನೀರು ಬಂದರೆ ಸಾಹೇಬರ ಕೈಯಿಂದಲೇ ನಿನ್ನ ನೌಕರಿ ಕಾಯಂ ಮಾಡುವ ಕಾಗದಕ್ಕೆ ಸಹಿ ಮಾಡಿಸುತ್ತೇನೆ ಎಂದು ಮಿಸ್ತ್ರಿಗೆ ಹೇಳಿದ.

ಅಂದು ಸಂಜೆ ಮಿಸ್ತ್ರಿ ನನ್ನ ಬಾಗಿಲಿಗೆ ಬಂದ. ಅರ್ಜಿ ಬರೆದುಕೊಡಬೇಕಿತ್ತು. ಒಳಗೆ ಬಾ ಎಂದು ನಾನು ಕರೆದಿರಲಿಲ್ಲ, ಹೊಸ್ತಿಲ ಹೊರಗೇ ನಿಂತು ಹೇಳಿದ.

“ಹನ್ನೊಂದು ವರ್ಷಾತ್ರಿ ಸರ್ರ, ಹಾಜರಿ ಪುಸ್ತಕದಾಗ ನನ್ನ ಹೆಸರಿನ ಮುಂದ ಬರೇ ‘ಆಳು’ ಅಂತ ಐತಿ. ಕಾಯಂ ಆದ್ರ ‘ಫಿಟ್ಟರ್’ ಅಂತ ಬರೀತಾರ್ರಿ. ನೀವು ಅರ್ಜಿಯಾಗ ಆ ಅಕ್ಷರ ಒಂದೀಟು ದೊಡ್ಡೂ ಮಾಡ್ರಿ.”

ನಾನು ಎಲ್ಲ ಅಕ್ಷರಗಳನ್ನೂ ಒಂದೇ ಅಳತೆಯಲ್ಲಿ ಬರೆದೆ. ಅವನು ಓದಲಾರದ ಕಾಗದವನ್ನು ಬೆಳಕಿಗೆ ಹಿಡಿದು, ಯಾವುದು ಆ ಅಕ್ಷರ ಎಂದು ಕೇಳಿ, ನಾನು ತೋರಿಸಿದ ಜಾಗವನ್ನು ಹೆಬ್ಬೆರಳಿನಿಂದ ಸವರಿದ. ಅಲ್ಲಿ ಅಗಸೆ ಎಣ್ಣೆಯ ಕಲೆ ಬಿತ್ತು. ನಾನು ಬೇರೆ ಬರೆದುಕೊಡಲಿಲ್ಲ.

ಮರುದಿನ, ಸೋಮವಾರ, ಅವನು ಕೆಲಸ ಬಿಟ್ಟು ಬಸ್ಸು ಹತ್ತಿ ಇಂಡಿಗೆ ಹೋದ. ಸಂಜೆ ಒಂದು ಕೈಚೀಲದ ತುಂಬ ನಿಂಬೆಹಣ್ಣು ಹೊತ್ತು ಬಂದ. ಸಿಂದಗಿಯಲ್ಲಿ ನಿಂಬೆಹಣ್ಣಿಗೆ ಬರ ಬಂದಿದೆಯೇ ಎಂದು ಕೇಳಿದೆ. “ಇಂಡಿ ಹಣ್ಣಿನ ಹುಳಿ ಇಲ್ಲಿ ಹಣ್ಣಿಗಿಲ್ರಿ” ಎಂದ. ಟಾಕಿಗೆ ಕುಂಕುಮ ಹಚ್ಚಿ, ಅದರ ಮುಂದೆ ಒಂದು ಹಣ್ಣು ಕೊಯ್ದು, ಎರಡು ಹೋಳನ್ನು ಎರಡು ಕಡೆ ಇಟ್ಟ. ಉಳಿದ ಹಣ್ಣುಗಳನ್ನೆಲ್ಲ ಹಿಂಡಿ, ರಸದಲ್ಲಿ ಅರಿವೆ ಅದ್ದಿ, ಹಿತ್ತಾಳೆಯ ಬಳೆಯ ಸುತ್ತ ಬಿಗಿಯಾಗಿ ಸುತ್ತಿದ. ಮಂಗಳವಾರವಿಡೀ ಮತ್ತೆ ಮತ್ತೆ ಹಿಂಡಿ ತೊಯಿಸಿದ. ನನ್ನ ನೋಟುಬುಕ್ಕಿನಲ್ಲಿ ‘ಟಾಕಿಗೆ ನಿಂಬೆಹಣ್ಣಿನ ದೃಷ್ಟಿ ನಿವಾರಣೆ’ ಎಂದು ಬರೆದೆ. ಹುಳಿ ಸುಣ್ಣವನ್ನು ಕರಗಿಸುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲವೇ? ಎಂಟನೆಯ ಈಯತ್ತೆಯ ಮಕ್ಕಳಿಗೂ ಗೊತ್ತು. ಆದರೆ ನನ್ನ ಕಣ್ಣು ಕುಂಕುಮದ ಮೇಲಿತ್ತು.

ಬುಧವಾರ ಬೆಳಿಗ್ಗೆ ಓವರ್‌ಸಿಯರ್ ನನ್ನನ್ನು ಕರೆದ. ಸಾಹೇಬರ ಜೀಪಿಗೆ ರಸ್ತೆ ತೋರಿಸುವ ಏರ್ಪಾಡಿಗೆ ಅವನು ಹೋಗಬೇಕಿತ್ತು. “ನೀವು ಸಾಯನ್ಸ್ ಓದಿದವ್ರು, ನಿಮ್ಮ ಕಣ್ಣ ಮುಂದ ಆಗ್ಲಿ. ಈ ಮಂಗ್ಯಾನ ನೆಚ್ಚಂಗಿಲ್ಲ” ಎಂದು ಮಿಸ್ತ್ರಿಯ ಎದುರಿಗೇ ಹೇಳಿ ಹೋದ. ನನಗೆ ಆ ಮಾತು ಇಷ್ಟವಾಯಿತು. ಇದೂ ಖಚಿತ.

ಬಚ್ಚಲಿನಲ್ಲಿ ನಾವು ಮೂವರು: ನಾನು, ಮಿಸ್ತ್ರಿ, ಅಡಿಗೆಯವನು. ಮಿಸ್ತ್ರಿ ಕಮ್ಮಾರನ ಕಡೆಯಿಂದ ಹೀಟರಿನ ತಲೆಗೆ ಸರಿಯಾಗಿ ಕೂರುವ ದೊಡ್ಡ ಪಾನಾ ಮಾಡಿಸಿ ತಂದಿದ್ದ. ಅದರ ಹಿಡಿಕೆಗೆ ಆಳುದ್ದದ ಪೈಪು ಸಿಗಿಸಿದ. ಟಾಕಿಗೆ ಮೊದಲೇ ಕಂಠದವರೆಗೆ ನೀರು ತುಂಬಿಟ್ಟಿದ್ದ. ಹಾಗೇ ತಿರುಗಿಸಲು ಹೊರಟವನನ್ನು ನಾನು ತಡೆದೆ.

“ನೀರು ಖಾಲಿ ಮಾಡು ಮೊದಲ.”

“ಖಾಲಿ ಭಾಂಡೆಕ್ಕ ಕೈ ಹಚ್ಚಬಾರ್ದ್ರಿ ಸರ್ರ.”

“ಯಾಕ?”

“ಹಚ್ಚಬಾರ್ದು. ಖಾಲಿ ಕೊಡ ಎದುರಿಗಿ ಬಂದ್ರ ನಾವು ಹೊಳ್ಳಿ ಹೋಗಂಗಿಲ್ಲೇನ್ರಿ? ತುಂಬಿದ್ದಾಗ ಒಂದೀಟು ಸಡ್ಲ ಮಾಡೂದು, ಆಮ್ಯಾಲ ನೀರು ಬಿಡೂದು. ನಮ್ಮ ಉಸ್ತಾದ ಹಂಗ ಹೇಳ್ಯಾನ.”

“ನಿಮ್ಮ ಉಸ್ತಾದ ಎಷ್ಟು ಓದಿದ್ದ?”

ಅಡಿಗೆಯವನು ಕಿಸಕ್ಕೆಂದು ನಕ್ಕ. ಮಿಸ್ತ್ರಿ ತಂಬಾಕನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸಿದ. ನಾನು ಜೇಬಿನಿಂದ ಸೀಮೆಸುಣ್ಣ ತೆಗೆದೆ. ಬಚ್ಚಲಿನ ಗೋಡೆಯ ಮೇಲೆ ನೀರಿನ ಎತ್ತರ ಬರೆದೆ, ಹೀಟರಿನ ಅಗಲ ಬರೆದೆ, ಗುಣಿಸಿದೆ. ಇಷ್ಟು ಭಾರದ ನೀರು ಒಳಗಿನಿಂದ ಹೀಟರನ್ನು ಹೊರಕ್ಕೆ ಒತ್ತುತ್ತದೆ, ತಿರುಪು ಇನ್ನಷ್ಟು ಬಿಗಿಯುತ್ತದೆ, ಆದ್ದರಿಂದ ಖಾಲಿ ಮಾಡಿದರೆ ಸುಲಭ ಎಂದು ಸಿದ್ಧಮಾಡಿ ಕೆಳಗೆ ಎರಡು ಗೆರೆ ಎಳೆದೆ. ಲೆಕ್ಕದಲ್ಲಿ ತಪ್ಪಿರಲಿಲ್ಲ. ಕೈಬೆರಳಿನಿಂದ ತಡೆಯಬಹುದಾದ ಒತ್ತಡ ಅದು, ಅಷ್ಟೆ. ಅದನ್ನು ಗೋಡೆಯ ಮೇಲೆ ಬರೆಯಲಿಲ್ಲ.

ಮಿಸ್ತ್ರಿ ಗೋಡೆಯನ್ನು ನೋಡಿದ. ಮೂರು ದಿನದ ಹಿಂದೆ ಅರ್ಜಿಯನ್ನು ನೋಡಿದ ಹಾಗೆಯೇ ನೋಡಿದ. ಓದಲು ಬಾರದವನಿಗೆ ಎಲ್ಲ ಬರಹವೂ ಆಜ್ಞೆಯಂತೆ ಕಾಣುತ್ತದೆಯೋ ಏನೋ... “ನಿಮ್ಮ ಮರ್ಜಿರಿ” ಎಂದು ಕೆಳಗಿನ ನಳ ಬಿಟ್ಟ. ನೀರು ದಂಡವಾಗಬಾರದೆಂದು ಅಡಿಗೆಯವನು ಕೊಡ, ಬಕೆಟ್ಟು, ಕಡೆಗೆ ಅನ್ನದ ಡಬರಿಯನ್ನೂ ತಂದು ಹಿಡಿದ. ಖಾಲಿಯಾದ ಮೇಲೆ ಮಿಸ್ತ್ರಿ ಟಾಕಿಯನ್ನು ಬೆರಳ ಗೆಣ್ಣಿನಿಂದ ಬಡಿದು, ಅದು ಕೊಟ್ಟ ಸಪ್ಪಳ ಕೇಳಿ ಮುಖ ಕಿವಿಚಿದ. ಪಾನಾ ಹಿಡಿದು ಮೊದಲು ಬಲಕ್ಕೆ, ಬಿಗಿಯುವ ದಿಕ್ಕಿಗೇ, ಒಂದು ಸಲ ಜಗ್ಗಿದ.

“ಎಡಕ್ಕ ತಿರುವಬೇಕು” ಎಂದೆ.

“ಗೊತ್ತೈತ್ರಿ. ಮೊದಲ ದೇವರ ಕಡೆ ಒಂದು, ಆಮ್ಯಾಲ ನಮ್ಮ ಕಡೆ.”

ಇದನ್ನೂ ಬರೆದುಕೊಳ್ಳಬೇಕು ಎಂದು ಮನಸ್ಸಿನಲ್ಲೇ ಗುರುತಿಟ್ಟುಕೊಂಡೆ. ಆಮೇಲೆ ಅವನು ಎಡಕ್ಕೆ ಜಗ್ಗಿದ. ಅಡಿಗೆಯವನೂ ಪೈಪಿಗೆ ಕೈ ಕೊಟ್ಟ. ನಾನು ಕೊಡಲಿಲ್ಲ.

ಟಾಕಿ ನರಳಿತು. ಬೇರೆ ಮಾತು ಸಿಗುವುದಿಲ್ಲ. ಬಳೆ ತಿರುಗಿತು, ಆದರೆ ಹೀಟರಿನ ಸುತ್ತ ಅಲ್ಲ, ಹೀಟರನ್ನು ಕಚ್ಚಿಕೊಂಡೇ ತಿರುಗಿತು. ಅದರ ಸುತ್ತಲಿನ ತಾಮ್ರ ಒದ್ದೆ ಧೋತರ ಹಿಂಡಿದ ಹಾಗೆ ಸುರುಳಿ ಸುತ್ತಿ, ಸುಕ್ಕಾಗಿ, ಪರ್ರೆಂದು ಹರಿಯಿತು. ಹೀಟರ್ ಹೊರಗೆ ಬರಲಿಲ್ಲ. ಟಾಕಿಯ ಪಕ್ಕೆಯೇ ಹೀಟರಿನ ಜೊತೆ ಕಿತ್ತುಬಂತು.

ನನಗೆ ಆ ಕ್ಷಣವೇ ಅರ್ಥವಾಯಿತು. ಸೀಮೆಎಣ್ಣೆಯ ಖಾಲಿ ಡಬ್ಬಿಯನ್ನು ಕೈಯಲ್ಲೇ ತಿರುಚಬಹುದು. ತುಂಬಿದ ಡಬ್ಬಿ ಮಣಿಯುವುದಿಲ್ಲ, ಒಳಗಿನ ನೀರು ತೆಳುವಾದ ಗೋಡೆಗೆ ಎಲ್ಲ ಕಡೆಯಿಂದ ಆಸರೆ ಕೊಟ್ಟು ನಿಂತಿರುತ್ತದೆ. ಬಿಗಿದ ತಿರುಪನ್ನು ಮೊದಲು ಬಲಕ್ಕೆ ಒಂದಿಷ್ಟು ಜಗ್ಗಿದರೆ ಕಟ್ಟಿಕೊಂಡ ಸುಣ್ಣ ಬಿರುಕು ಬಿಡುತ್ತದೆ ಎಂಬುದೂ ಹೊಳೆಯಿತು. ಖಾಲಿ ಕೊಡ, ದೇವರ ದಿಕ್ಕು, ನಿಂಬೆಹಣ್ಣು... ಮೂರನ್ನೂ ನಾನು ತಪ್ಪು ಪುಟಕ್ಕೆ ಸೇರಿಸಿದ್ದೆ.

ಹೊರಗೆ ಸೈಕಲ್ಲಿನ ಗಂಟೆ ಕೇಳಿಸಿತು. ಓವರ್‌ಸಿಯರ್ ಒಳಗೆ ಬಂದವನೇ ಹರಿದ ಟಾಕಿಯನ್ನೂ ಸುತ್ತಲಿನ ತುಂಬಿದ ಕೊಡ, ಬಕೆಟ್ಟುಗಳನ್ನೂ ನೋಡಿದ.

“ಯಾಂವಲೇ ಇದನ್ನ ಖಾಲಿ ಮಾಡಿ ತಿರುವಿದಾಂವ?”

ಅಂದರೆ ಖಾಲಿ ಮಾಡಬಾರದೆಂದು ಆ ಓವರ್‌ಸಿಯರ್‌ಗೂ ಗೊತ್ತಿತ್ತು. ಎಲ್ಲರಿಗೂ ಗೊತ್ತಿದ್ದದ್ದು ನನಗೊಬ್ಬನಿಗೇ ಗೊತ್ತಿರಲಿಲ್ಲ.

ಇಲ್ಲಿಂದ ಮುಂದೆ ನನ್ನ ನೆನಪನ್ನು ನಂಬಬೇಡಿ. ಒಂದು ನೆನಪಿನಲ್ಲಿ ನಾನು, “ನಾನೇ ಮಾಡಿಸಿದೆ” ಎನ್ನುತ್ತೇನೆ. ಇನ್ನೊಂದರಲ್ಲಿ ನಾನು ಬಾಯಿ ತೆರೆಯುವ ಮೊದಲೇ ಮಿಸ್ತ್ರಿ, “ತಾಮ್ರ ಸವದಿತ್ರಿ ಸಾಹೇಬ್ರ” ಎಂದುಬಿಡುತ್ತಾನೆ. ಮೂರನೆಯದರಲ್ಲಿ ಆ ಮಾತನ್ನು ಹೇಳುವವನು ನಾನು. ಮೂರರಲ್ಲೂ ಅಡಿಗೆಯವನ ಕೈಯಲ್ಲಿ ಅನ್ನದ ಡಬರಿ ಇದೆ, ಮೂರರಲ್ಲೂ ಮಿಸ್ತ್ರಿ ನನ್ನತ್ತ ನೋಡುತ್ತಿದ್ದಾನೆ. ಯಾವುದು ನಿಜ? ನೆನಪನ್ನು ಬಿಟ್ಟು ನಡೆದದ್ದನ್ನು ನೋಡುತ್ತೇನೆ. ಮುಂದಿನ ವಾರ ಮಿಸ್ತ್ರಿಯ ಹೆಸರನ್ನು ಹಾಜರಿ ಪುಸ್ತಕದಿಂದ ಹೊಡೆದುಹಾಕಿದರು. ನನ್ನನ್ನು ಯಾರೂ ಏನೂ ಅನ್ನಲಿಲ್ಲ. ಓವರ್‌ಸಿಯರ್ ಎದುರಾದಾಗಲೆಲ್ಲ ಮೊದಲಿನಂತೆಯೇ ನಮಸ್ಕಾರ ಹೇಳುತ್ತಿದ್ದ. ನಾನು ಒಪ್ಪಿಕೊಂಡಿದ್ದರೆ ಹೀಗಾಗುತ್ತಿರಲಿಲ್ಲ. ಆದ್ದರಿಂದ ಮೊದಲನೆಯ ನೆನಪು ಸುಳ್ಳು. ಎಲ್ಲಕ್ಕಿಂತ ಸ್ಪಷ್ಟವಾಗಿ, ದನಿಯ ಸಮೇತ, ಇರುವುದು ಅದೇ.

ಗುರುವಾರ ದೊಡ್ಡ ಸಾಹೇಬರು ಬಂದರು. ಅಡಿಗೆಯವನು ಹಂಡೆಯಲ್ಲಿ ಕಾಯಿಸಿದ ನೀರನ್ನು ಬಚ್ಚಲಿನಲ್ಲಿ ಇಟ್ಟು, ಹರಿದ ಟಾಕಿಗೆ ಜಮಖಾನೆ ಹೊದಿಸಿದ. ಸಾಹೇಬರು ಬಿಸಿನೀರನ್ನು ಮುಟ್ಟಲೇ ಇಲ್ಲವಂತೆ. ಮೂವತ್ತು ವರ್ಷದಿಂದ ತಾವು ತಣ್ಣೀರಿನವರೆಂದು ಓವರ್‌ಸಿಯರ್‌ಗೆ ನಿಂತುಕೊಂಡೇ ಒಂದು ಭಾಷಣ ಕೊಟ್ಟರಂತೆ. ಅವನು ಮಾರನೆಯ ದಿನದಿಂದ ತಾನೂ ತಣ್ಣೀರಿನ ಸ್ನಾನ ಶುರುಮಾಡಿ ನೆಗಡಿ ತಂದುಕೊಂಡ. ಇಂಥವರ ನಡುವೆ, ಇಂಥವರಲ್ಲೇ ಒಬ್ಬನಾಗಿ ಇದ್ದೆ.

ಮಿಸ್ತ್ರಿ ಶೆಡ್ಡು ಬಿಟ್ಟು ಹೋದದ್ದನ್ನು ನಾನು ನೋಡಲಿಲ್ಲ. ನೋಡಲಿಲ್ಲ ಎಂದು ನೆನಪು. ಶೆಡ್ಡಿನ ಬಾಗಿಲಲ್ಲಿ ನನ್ನ ಕೈಬರಹದ ಅರ್ಜಿ ನಾಲ್ಕು ಮಡಿಕೆಯಾಗಿ ಬಿದ್ದಿತ್ತು ಎಂದೂ ನೆನಪು, ಆದರೆ ಅದು ಕತೆಗೆ ಬಹಳ ಚೆನ್ನಾಗಿ ಹೊಂದುತ್ತದೆ. ಆದ್ದರಿಂದ ಅದನ್ನೂ ನಂಬುವುದಿಲ್ಲ.

ಎರಡೋ ಮೂರೋ ವರ್ಷಗಳ ಮೇಲೆ ನನಗೆ ಮುದ್ದೇಬಿಹಾಳಕ್ಕೆ ವರ್ಗವಾಗಿತ್ತು. ಒಮ್ಮೆ ಬಸವನ ಬಾಗೇವಾಡಿಯ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಸೈಕಲ್ಲಿಗೆ ಪೈಪು ಕಟ್ಟಿಕೊಂಡವನೊಬ್ಬ ಬಂದು ಎದುರಿಗೆ ನಿಂತ. ಅದೇ ತಂಬಾಕಿನ ತುಟಿ. ಮಸೂತಿ, ಮುಳವಾಡ ಹಳ್ಳಿಗಳ ಕಡೆ ಬಾವಿಗಳ ಪಂಪು ರಿಪೇರಿ ಮಾಡಿಕೊಂಡಿದ್ದೇನೆ ಎಂದ. ಅಲ್ಲಿಯೂ ಸೋಲಾಪುರದ ಬಾಯ್ಲರಿನ ಕತೆ ಹೇಳುತ್ತಿದ್ದನೆಂಬುದರಲ್ಲಿ ನನಗೆ ಅನುಮಾನವಿಲ್ಲ.

“ಮತ್ತ ಸರ್ರ, ಈಗೂ ಖಾಲಿ ಮಾಡೇ ತಿರುವ್ತೀರೇನ್ರಿ?”

ಬಸ್‌ಸ್ಟ್ಯಾಂಡಿನಲ್ಲಿ ನಾಲ್ಕು ಜನ ತಿರುಗಿ ನೋಡಿದರು. ನಾನು ನಕ್ಕೆ. ಅದೊಂದು ಕೆಟ್ಟ ನಗೆ, ಯಾರೋ ಕೆಳಗಿನವನು ಸಲಿಗೆ ತೆಗೆದುಕೊಂಡಾಗ ದೊಡ್ಡ ಮನಸ್ಸಿನಿಂದ ನಗುವಂಥದ್ದು. ಅವನು ಇನ್ನೂ ಏನೋ ಹೇಳುವವನಿದ್ದ. ಅಷ್ಟರಲ್ಲಿ ನನ್ನ ಬಸ್ಸು ಬಂತು, ಅಥವಾ ಬರುವ ಮೊದಲೇ ನಾನು ಬಸ್ಸು ಬಂತೆನ್ನುವಂತೆ ಎದ್ದು ನಡೆದೆ...

ಕೇಳಬೇಕಾದ ಪ್ರಶ್ನೆಯೊಂದು ಉಳಿದುಹೋಯಿತು. ಖಾಲಿ ಟಾಕಿ ಯಾಕೆ ಹರಿಯುತ್ತದೆಂದು ಅವನಿಗೆ ನಿಜವಾಗಿ ಗೊತ್ತಿತ್ತೇ? ಅಥವಾ ನೂರು ಹುಚ್ಚು ನಂಬಿಕೆಗಳಲ್ಲಿ ಮೂರು ತಾವಾಗಿಯೇ ಸರಿಬಿದ್ದವೇ? ನನ್ನ ನಳ ಮೂರು ಸಲವೂ ಸೋರಿದ್ದನ್ನು ನೆನೆದರೆ ಎರಡನೆಯದೇ ನಿಜವೆನಿಸುತ್ತದೆ. ಟಾಕಿಯನ್ನು ಗೆಣ್ಣಿನಿಂದ ಬಡಿದು ಮುಖ ಕಿವಿಚಿದ್ದನ್ನು ನೆನೆದರೆ ಹಾಗೆನಿಸುವುದಿಲ್ಲ. ಅವನು ತೀರಿಹೋದ ಸುದ್ದಿಯನ್ನು ಮಸೂತಿಯ ಕಡೆಯ ಹಳೆಯ ವಿದ್ಯಾರ್ಥಿಯೊಬ್ಬ ಬೇರೇನೋ ಮಾತಿನ ನಡುವೆ ಹೇಳಿದ. ಹೌದೇ, ಎಂದು ನಾನು ಮಾತನ್ನು ಮುಂದುವರಿಸಿದೆ. ಈಗ ಕೇಳಲು ಯಾರೂ ಇಲ್ಲ. ಕುಂಕುಮ ಹಚ್ಚಿದ ಆ ಬಡಾಯಿಕೋರನ ತಲೆಯೊಳಗೆ ಇದ್ದದ್ದು ವಿದ್ಯೆಯೋ, ಬರೀ ಭಯವೋ, ಅವನ ಜೊತೆಗೇ ಹೋಯಿತು.

ಕಳೆದ ವಾರ ಮೆಕ್ಯಾನಿಕ್ ನಮ್ಮ ಗೀಜರಿನ ನೀರು ಇಳಿಸಲು ನಳಕ್ಕೆ ಕೈ ಹಾಕಿದಾಗ, ಬಾಗಿಲಲ್ಲಿ ನಿಂತಿದ್ದ ನಾನು ತಡೆದೆ. ಗಟ್ಟಿಯಾದ ಕಾರಣಗಳು ನನ್ನ ಹತ್ತಿರ ಇದ್ದವು. ಬೇಕಾದರೆ ಗೋಡೆಯ ಮೇಲೆ ಬರೆದು ತೋರಿಸಬಹುದಿತ್ತು. ಆದರೆ ಬಾಯಿಂದ ಬಂದದ್ದು ಬೇರೆ.

“ಖಾಲಿ ಭಾಂಡೆಕ್ಕ ಕೈ ಹಚ್ಚಬಾರ್ದಪ್ಪಾ. ತುಂಬಿದ್ದಾಗ ಒಂದೀಟು ಸಡ್ಲ ಮಾಡು.”

ಅವನು ಸ್ಟೂಲಿನ ಮೇಲಿಂದ ತಿರುಗಿ ನೋಡಿದ. ಕಂಪನಿಯ ಅಂಗಿ ತೊಟ್ಟ, ನಲವತ್ತರ ಮನುಷ್ಯ. ಆ ನೋಟ ನನಗೆ ಚೆನ್ನಾಗಿ ಗೊತ್ತು, ವರ್ಷಗಟ್ಟಲೆ ನನ್ನ ಮುಖದ ಮೇಲೆಯೇ ಇಟ್ಟುಕೊಂಡು ತಿರುಗಿದ್ದೇನೆ.

“ನೀವು ಕಲಿತವ್ರಾಗಿ ಇಂಥಾವೆಲ್ಲ ನಂಬ್ತೀರೇನ್ರಿ ಅಜ್ಜಾರ? ಹೋಗ್ಲಿ ಬಿಡ್ರಿ, ನಿಮ್ಮ ಸಮಾಧಾನಕ್ಕ.”

ಕರೆಂಟು ತೆಗೆದಾಗಿತ್ತು. ತುಂಬಿದಾಗಲೇ ಪಾನಾ ಹಾಕಿ ಜಗ್ಗಿದ. ಎರಡನೆಯ ಜಗ್ಗಿಗೆ ಹೀಟರ್ ಕರ್ರೆಂದು ಸಡಿಲಾಯಿತು. ಇದರಿಂದ ಏನೂ ಸಿದ್ಧವಾಗುವುದಿಲ್ಲ. ಖಾಲಿ ಮಾಡಿದ್ದರೂ ಬರುತ್ತಿತ್ತೋ ಏನೋ. ನೀರು ಇಳಿಸಿ, ಸುಣ್ಣ ಮೆತ್ತಿಕೊಂಡ ಹಳೆಯ ಹೀಟರನ್ನು ಹೊರಗೆಳೆದು, ಹೊಸದರ ತಿರುಪಿಗೆ ಸಫೇದಾ ಸವರುತ್ತ, ಹೊತ್ತು ಕಳೆಯಲೆಂಬಂತೆ ಕೇಳಿದ.

“ಯಾರ ಹೇಳ್ಯಾರ್ರಿ ಅದನ್ನ ನಿಮಗ?”

“ಸಿಂದಗಿ ಬಂಗಲೇದಾಗ ಒಬ್ಬಾಂವ ಇದ್ದ” ಎಂದೆ. “ಫಿಟ್ಟರ್. ಕಾಯಂ ಫಿಟ್ಟರ್.”

ಮೊದಲನೆಯ ಮಾತು ನಿಜ. ಎರಡನೆಯದು ಸುಳ್ಳು, ಸುಳ್ಳೆಂದು ಗೊತ್ತಿದ್ದೇ ಹೇಳಿದೆ. ಮೆಕ್ಯಾನಿಕ್ ಹ್ಞೂಂ ಎಂದು ಹೀಟರನ್ನು ಬಲಕ್ಕೆ ತಿರುಗಿಸತೊಡಗಿದ. ಅವನಿಗೆ ಅದರಿಂದ ಆಗಬೇಕಾದದ್ದು ಏನೂ ಇರಲಿಲ್ಲ.